ಪುಸ್ತಕದ ಬೆನ್ನಿಗೆ ಹೆಸರು ಹಾಕುವ ರೋಕ್

ಶುಕ್ರವಾರ ಬೆಳಗ್ಗೆ ಐದೂವರೆ. ಕುವೈತಿನ ಫಹಾಹೀಲಿನ ಮಾರುಕಟ್ಟೆ ಬೀದಿಯಲ್ಲಿ ಶಟರುಗಳೆಲ್ಲ ಇಳಿದಿವೆ. ನಮಾಜು ಮುಗಿಸಿ ಬಂದ ನಾಲ್ಕೈದು ಮಂದಿ ಖುಬ್ಬೂಸ್ ಅಂಗಡಿಯ ಮುಂದೆ ಬಿಸಿ ರೊಟ್ಟಿಗೆ ಕಾಯುತ್ತಿದ್ದಾರೆ. ಪಕ್ಕದ ಓಣಿಯಲ್ಲಿ ಒಂದೇ ಒಂದು ಶಟರು ಅರ್ಧ ಎದ್ದಿದೆ. ಬಗ್ಗಿ ಒಳಗೆ ಹೋದರೆ ಮೈದಾ ಬೇಯುವ ವಾಸನೆ. ರೋಕ್ ಮಿನೇಜಸ್ ಕರೆಂಟ್ ಒಲೆಯ ಮೇಲೆ ಸಣ್ಣ ಪಾತ್ರೆಯಿಟ್ಟು ಅಂಟು ಕಾಯಿಸುತ್ತಿದ್ದಾರೆ. ತಳ ಹಿಡಿಯದ ಹಾಗೆ, ಮಗುವಿಗೆ ರಾಗಿ ಮಣ್ಣಿ ಕಾಯಿಸುವಷ್ಟೇ ಜತನದಿಂದ ಕೈಯಾಡಿಸುತ್ತಾರೆ. ಕೊನೆಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. “ಹುಳ ಬರಬಾರದಲ್ಲ. ಬರೆದವರು ಎಷ್ಟು ಕಷ್ಟಪಟ್ಟು ಬರೆದಿರ್ತಾರೆ, ಹುಳ ಒಂದು ವಾರದಲ್ಲಿ ಓದಿ ಮುಗಿಸ್ತದೆ” ಎಂದು ನಗುತ್ತಾರೆ.

ಗೋಡೆಯ ಹಲಗೆಯ ಮೇಲೆ ನಲವತ್ತು ಪುಸ್ತಕಗಳು ಸಾಲಾಗಿ ನಿಂತಿವೆ. ಆಫ್ರಿಕಾ, ಅಮೆರಿಕ, ಕೆರಿಬಿಯನ್ ದ್ವೀಪಗಳ ಕಪ್ಪು ಲೇಖಕ ಲೇಖಕಿಯರು ಬರೆದ ಕಥೆ, ಕಾದಂಬರಿ, ಕವಿತೆ, ಆತ್ಮಕಥೆಗಳು. ಎಲ್ಲವೂ ಹರಿದು ಬಂದವು. ಎಲ್ಲವನ್ನೂ ಹೊಲಿದು, ರಟ್ಟು ಕಟ್ಟಿ, ಬೆನ್ನಿನ ಮೇಲೆ ಬರೆದವರ ಹೆಸರನ್ನು ಬಂಗಾರದ ಬಣ್ಣದಲ್ಲಿ ಒತ್ತಿದವರು ರೋಕ್.

ನಲವತ್ತೊಂದನೆಯದು ಮೇಜಿನ ಮೇಲೆ ಒಂಟಿಯಾಗಿ ಮಲಗಿದೆ. ಕಡು ಹಸಿರು ರೆಕ್ಸಿನ್ ಹೊದಿಕೆ. ಹೊಲಿಗೆ ಮುಗಿದಿದೆ, ಅಂಚು ಕತ್ತರಿಸಿಯಾಗಿದೆ. ಬೆನ್ನು ಮಾತ್ರ ಖಾಲಿ. ಅಲ್ಲಿಗೆ ಬರಬೇಕಾದ ಹೆಸರು ಎಫುವಾ ಕ್ವಾನ್ಸಾ. ಘಾನಾ ದೇಶದವಳು, ರುಮೈಥಿಯಾದ ಮನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾಳೆ. ಈ ಪುಸ್ತಕದ ಕಥೆಗಳನ್ನು ಬರೆದವಳು ಅವಳೇ. ಹೆಸರು ಬೇಡ ಎನ್ನುತ್ತಿರುವವಳೂ ಅವಳೇ. ಮಧ್ಯಾಹ್ನ ಮೂರಕ್ಕೆ ಫಿಂಟಾಸಿನ ಒಂದು ಫ್ಲಾಟಿನಲ್ಲಿ ಈ ಪುಸ್ತಕವನ್ನು ಎಲ್ಲರೆದುರು ಎತ್ತಿ ಹಿಡಿಯಲಿಕ್ಕಿದೆ. ಅಷ್ಟರೊಳಗೆ ತೀರ್ಮಾನವಾಗಬೇಕು.

“ಹೆಸರು ಹಾಕದೆ ಒಂದು ಪುಸ್ತಕ ಹೊರಗೆ ಕೊಡುದಿಲ್ಲ ಅಂತ ಏಳು ವರ್ಷದಿಂದ ಕೂತವ ನಾನು” ಎನ್ನುತ್ತಾರೆ ರೋಕ್. “ಅದನ್ನು ನನಗೆ ಕಲಿಸಿದ್ದು ಅವಳು. ಈಗ ಅವಳದ್ದೇ ಪುಸ್ತಕಕ್ಕೆ ಬೇಡ ಅಂತಾಳೆ. ಎಂತ ಮಾಡುದು ಹೇಳಿ?”

ರೋಕ್‌ಗೆ ಈಗ ಐವತ್ತೇಳು. ಊರು ಕಿರೆಂ. ಏಳನೇ ತರಗತಿಗೆ ಶಾಲೆ ಬಿಟ್ಟು, ಹದಿನಾಲ್ಕರ ವಯಸ್ಸಿಗೆ ಮಂಗಳೂರಿನಲ್ಲಿ ಪಾದ್ರಿಗಳ ಪ್ರೆಸ್ಸಿನ ಬೈಂಡಿಂಗ್ ಕೋಣೆ ಸೇರಿದರು. ಅಲ್ಲಿ ಕಲಿತದ್ದು ಎರಡೇ ಬಗೆ: ಪ್ರಾರ್ಥನೆ ಪುಸ್ತಕ ಮತ್ತು ಲೆಕ್ಕದ ಪುಸ್ತಕ. ಕುವೈತಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಮೊದಲ ಆರು ವರ್ಷ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ. ಎಡಗೈ ತೋರುಬೆರಳಿನ ತುದಿಯನ್ನು ಅಲ್ಲಿನ ಕತ್ತರಿಸುವ ಯಂತ್ರ ತೆಗೆದುಕೊಂಡಿದೆ. ತಂದೆ ತೀರಿಕೊಂಡಾಗ ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಬಳಿ ಇತ್ತು. ಅದು ಕೈಗೆ ಬರುವಷ್ಟರಲ್ಲಿ ಊರಿನಲ್ಲಿ ತಿಂಗಳ ಪೂಜೆಯೂ ಮುಗಿದಿತ್ತು. ಅದನ್ನು ಹೇಳುವಾಗ ಅವರು ತಲೆ ಎತ್ತುವುದಿಲ್ಲ. ದಾರಕ್ಕೆ ಮೇಣ ಹಚ್ಚುತ್ತಲೇ ಹೇಳಿ ಮುಗಿಸುತ್ತಾರೆ.

ಈಗಿನ ಅಂಗಡಿ ಮೂಲ್ಕಿಯ ಪುರಂದರ ಅವರದ್ದು. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್. ನನ್ನ ಮಗಳ ಶಾಲೆಯ ಪ್ರಾಜೆಕ್ಟನ್ನು ಬೈಂಡ್ ಮಾಡಿಸಲು ಹೋಗಿ ನಾನು ರೋಕ್ ಅವರನ್ನು ಮೊದಲು ನೋಡಿದ್ದು ಅಲ್ಲಿಯೇ. ವಾರದ ಆರು ದಿನ ಕಂಪೆನಿಗಳ ಕಡತ, ಗುತ್ತಿಗೆ ಪತ್ರ, ಸ್ಪೈರಲ್ ತಂತಿ. ಶುಕ್ರವಾರ ರಜೆ. ಆ ರಜೆಯ ಬೆಳಗನ್ನು ಅವರು ಈ ಪುಸ್ತಕಗಳಿಗೆ ಕೊಟ್ಟುಬಿಟ್ಟಿದ್ದಾರೆ.

ಶುರುವಾದದ್ದು ಹೀಗೆ. ಫಿಂಟಾಸಿನಲ್ಲಿ ಕೀನ್ಯಾದ ನರ್ಸ್ ಒಬ್ಬರ ಫ್ಲಾಟಿಗೆ ಪ್ರತಿ ಶುಕ್ರವಾರ ಹತ್ತು ಹದಿನೈದು ಹೆಂಗಸರು ಬಂದು ಸೇರುತ್ತಾರೆ. ಮನೆಗೆಲಸದವರು, ಆಸ್ಪತ್ರೆಯವರು, ಸೆಲೂನಿನವರು. ಘಾನಾ, ಕ್ಯಾಮರೂನ್, ಸಿಯೆರಾ ಲಿಯೋನ್‌ನಿಂದ ಬಂದವರು. ಅವರು ಕೂಡಿ ಓದುವುದು ತಮ್ಮ ಜನ ಬರೆದದ್ದನ್ನು. ಪುಸ್ತಕಗಳೆಲ್ಲ ಕುವೈತ್ ತೊರೆದು ಹೋಗುವವರು ಬಿಟ್ಟದ್ದು, ಹಳೆ ಸಾಮಾನಿನ ಸಂತೆಯಲ್ಲಿ ಆರಿಸಿದ್ದು, ಊರಿನಿಂದ ಪೆಟ್ಟಿಗೆಯಲ್ಲಿ ಬಂದದ್ದು. ಒಂದೊಂದು ಪ್ರತಿ ಮೂವತ್ತು ಕೈ ದಾಟಿ ಹಾಳೆ ಹಾಳೆಯಾಗಿರುತ್ತದೆ. ಏಳು ವರ್ಷದ ಹಿಂದೆ ಎಫುವಾ ರಬ್ಬರ್ ಬ್ಯಾಂಡ್ ಹಾಕಿದ ಎಂಟು ಪುಸ್ತಕಗಳನ್ನು ಚೀಲದಲ್ಲಿ ತುಂಬಿ ಪುರಂದರ ಅವರ ಅಂಗಡಿಗೆ ತಂದಳು.

ರೋಕ್ ಆ ಎಂಟನ್ನೂ ತಮಗೆ ಗೊತ್ತಿದ್ದ ಅತ್ಯುತ್ತಮ ರೀತಿಯಲ್ಲಿ ಕಟ್ಟಿದರು. ಹರಿದ ಮುಖಪುಟಗಳನ್ನು ಕಿತ್ತು ಬಿಸಾಡಿದರು. ಕಪ್ಪು ರೆಕ್ಸಿನ್ ಹೊದಿಸಿದರು, ಕೆಂಪು ರಿಬ್ಬನ್ ಇಟ್ಟರು, ಹೊದಿಕೆಯ ನಡುವೆ ಬಂಗಾರದ ಶಿಲುಬೆ ಒತ್ತಿದರು. ಥೇಟ್ ಪ್ರಾರ್ಥನೆ ಪುಸ್ತಕ.

“ನನಗೆ ಎಷ್ಟು ಹೆಮ್ಮೆ ಗೊತ್ತುಂಟಾ? ಬಿಷಪರಿಗೆ ಕೊಡುವ ಹಾಗೆ ಮಾಡಿಟ್ಟಿದ್ದೆ” ಎಂದು ರೋಕ್ ಹಣೆ ಚಚ್ಚಿಕೊಳ್ಳುತ್ತಾರೆ.

ಎಫುವಾ ಎಂಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳಂತೆ. ಆಮೇಲೆ ಕೇಳಿದಳು, “ಪಾಪಾ ರೋಕ್, ಇದರಲ್ಲಿ ಯಾವುದು ಯಾರದ್ದು?”

ರೋಕ್ ಒಂದೊಂದನ್ನೇ ತಿರುಗಿಸಿ ನೋಡಿದರು. ಎಂಟೂ ಒಂದೇ ತರ.

“ನಮ್ಮನ್ನೂ ಹೀಗೇ ನೋಡುತ್ತಾರೆ. ಎಲ್ಲರೂ ಒಂದೇ ತರ” ಎಂದಳು ಎಫುವಾ. ಆಮೇಲೆ ಒಂದನ್ನು ಬಿಡಿಸಿ ನೋಡಿ ನಕ್ಕೇಬಿಟ್ಟಳು. “ಇದನ್ನು ಬರೆದ ಮನುಷ್ಯ ಹತ್ತು ವರ್ಷದವನಿದ್ದಾಗಲೇ ಚರ್ಚಿಗೆ ಹೋಗುವುದನ್ನು ಬಿಟ್ಟವನು. ನೀವು ಶಿಲುಬೆ ಹಾಕಿದ್ದು ನೋಡಿದರೆ ಸಮಾಧಿಯಿಂದ ಎದ್ದು ಬಂದಾನು!”

ಪ್ರಾರ್ಥನೆ ಪುಸ್ತಕಕ್ಕಾಗಲಿ ಲೆಕ್ಕದ ಪುಸ್ತಕಕ್ಕಾಗಲಿ ಬೆನ್ನಿನ ಮೇಲೆ ಬರೆದವರ ಹೆಸರು ಇರುವುದಿಲ್ಲ. ಮೂವತ್ತು ವರ್ಷ ಅಂಥದ್ದನ್ನೇ ಕಟ್ಟಿದ ಕೈಗೆ, ಪುಸ್ತಕವನ್ನು ಯಾರೋ ಒಬ್ಬರು ಬರೆದಿರುತ್ತಾರೆ ಎಂಬುದು ಹೊಳೆದೇ ಇರಲಿಲ್ಲ. ಆ ಎಂಟನ್ನೂ ರೋಕ್ ಬಿಚ್ಚಿ ಮತ್ತೆ ಕಟ್ಟಿದರು. ಬಿಸಾಡಿದ ಮುಖಪುಟಗಳಿಗಾಗಿ ಪುರಂದರ ಅವರ ರದ್ದಿ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಹುಡುಕಿದರು. ಐದು ಸಿಕ್ಕಿದವು, ಮೂರು ಹೋದವು. ಅಂದಿನಿಂದ ಲೇಖಕರ ಫೋಟೋ ಇರುವ ಹಾಳೆಯನ್ನು ಒಳಗಿನ ರಟ್ಟಿಗೆ ಅಂಟಿಸುತ್ತಾರೆ. ಬೆನ್ನಿನಲ್ಲಿ ಮೇಲೆ ಲೇಖಕರ ಹೆಸರು, ದೊಡ್ಡದಾಗಿ. ಅದರ ಕೆಳಗೆ ಪುಸ್ತಕದ ಹೆಸರು. ಎರಡು ಪುಸ್ತಕಕ್ಕೆ ಒಂದೇ ಬಣ್ಣದ ಹೊದಿಕೆ ಹಾಕುವುದಿಲ್ಲ.

ಮುನ್ನೂರು ಪುಟದ ಪುಸ್ತಕವೆಂದರೆ ಹತ್ತತ್ತು ಹಾಳೆಯ ಹದಿನೈದು ಕಟ್ಟು. ಒಂದೊಂದು ಕಟ್ಟಿಗೆ ದಬ್ಬಳದಿಂದ ಏಳು ತೂತು. ಬೆರಳ ತುದಿ ಇಲ್ಲದ ಕೈಯಲ್ಲಿ ನೂರೈದು ಬಾರಿ ಸೂಜಿ ಎಳೆಯಬೇಕು. ಎರಡು ಶುಕ್ರವಾರಕ್ಕೆ ಒಂದು ಪುಸ್ತಕವಾದರೆ ಅದು ಒಳ್ಳೆಯ ವೇಗ. ಬಿಗಿಯಾಗದೆ ಬಿಚ್ಚಿ ಕಟ್ಟಿದವು, ಓದಿ ಓದಿ ಮತ್ತೆ ಹರಿದು ಬಂದವು ಆ ನಲವತ್ತರ ಲೆಕ್ಕದಲ್ಲಿ ಸೇರಿಲ್ಲ. ಕೂಲಿ ಇಲ್ಲ. ಹೆಂಗಸರು ಒಣ ಸಿಗಡಿ, ಮೆಣಸು ಹಾಕಿ ಹುರಿದ ಕಪ್ಪು ಚಟ್ನಿಯ ಬಾಟಲಿ ತರುತ್ತಾರೆ. “ನಮ್ಮ ಸಿಗಡಿ ಚಟ್ನಿಯ ದಾಯಾದಿ ಅದು. ಗಂಜಿಗೆ ಸೂಪರ್” ಎನ್ನುತ್ತಾರೆ ರೋಕ್.

ಓದುವುದು ಅವರ ಹೆಂಡತಿ ಆಗ್ನೆಸ್. ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ ಮುಗಿಸಿ ಬಂದು, ಅಡುಗೆಯಾದ ಮೇಲೆ, ಇಂಗ್ಲಿಷಿನಲ್ಲಿ ಒಂದೊಂದೇ ಪುಟ ಓದಿ ಕೊಂಕಣಿಯಲ್ಲಿ ಗಂಡನಿಗೆ ಹೇಳುತ್ತಾರೆ. ಹಾಗೆ ನಲವತ್ತು ಪುಸ್ತಕಗಳು ರೋಕ್ ಅವರ ಕಿವಿಯೊಳಗೆ ಹೋಗಿವೆ.

“ನಾನು ಆಫ್ರಿಕಾ ಅಂದ್ರೆ ಕಾಡು, ಪ್ರಾಣಿ, ಹಸಿವು ಅಂತ ತಿಳಿದವ” ಎನ್ನುತ್ತಾರೆ. “ಇವರು ಬರೆದದ್ದು ಕೇಳಿದರೆ ಬಸ್‌ಸ್ಟ್ಯಾಂಡು, ಅತ್ತೆಯ ಜಗಳ, ಪರೀಕ್ಷೆಯಲ್ಲಿ ಫೇಲಾದದ್ದು, ಜಾಗದ ತಕರಾರು. ಒಬ್ಬಳು ಮಗಳ ಕೂದಲು ಹೆಣೆಯುವ ಬಗ್ಗೆಯೇ ಎಂಟು ಪುಟ ಬರೆದಿದ್ದಾಳೆ ಮಾರಾಯ್ರೆ! ಆಗ್ನೆಸ್ ಓದುತ್ತಾ ಅತ್ತೇ ಬಿಟ್ಟಳು.”

“ನಾನು ಮಾತ್ರವಾ?” ಆಗ್ನೆಸ್ ಬಿಡುವುದಿಲ್ಲ. “ನೀವು ಅದನ್ನೇ ನೆನೆದು ಹೊಲಿಗೆ ತಪ್ಪಿಸಿ ಮೂರು ಕಟ್ಟು ಬಿಚ್ಚಲಿಲ್ಲವಾ?”

ಪುರಂದರ ಅವರಿಗೆ ಮೊದಮೊದಲು ಇದು ಹಿಡಿಸಿರಲಿಲ್ಲ. ಕ್ರೈಸ್ತ ಗೃಹಸ್ಥರನ್ನು ನಮ್ಮ ಕಡೆ ಕರೆಯುವಂತೆ ರೋಕ್ ಅವರನ್ನು ಪೊರ್ಬುಗಳು ಎಂದೇ ಕರೆಯುವ ಅವರು, “ಪೊರ್ಬುಗಳೇ, ಇವರೆಲ್ಲ ಬಂದು ನಿಂತರೆ ಬೇರೆ ಗಿರಾಕಿಗಳು ಎಂತ ಹೇಳಿಯಾರು?” ಎಂದಿದ್ದರಂತೆ. ಈಗ ಅದನ್ನು ನೆನಪಿಸಿದರೆ ಮುಖ ತಿರುಗಿಸಿ ಪ್ರಿಂಟರಿನ ಟ್ರೇ ಎಳೆಯುತ್ತಾರೆ. ಎಫುವಾಳ ಪುಸ್ತಕವನ್ನು ಮುದ್ರಿಸಿ ಕೊಟ್ಟವರು ಅವರೇ. ಅವಳು ಹನ್ನೆರಡು ಕಥೆಗಳನ್ನು ಮೂರು ವರ್ಷದಲ್ಲಿ ಫೋನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆದಿದ್ದಳು. “ನೂರ ಹದಿನೆಂಟು ಪುಟ. ಪುಟ ಸರಿ ಬಂತಾ ಅಂತ ನೋಡಲಿಕ್ಕೆ ಹೋಗಿ ಪೂರ್ತಿ ಓದಿಬಿಟ್ಟೆ. ಅಂಗಡಿ ಬಾಗಿಲು ಹಾಕುವುದು ಮರೆತೆ” ಎನ್ನುತ್ತಾರೆ ಪುರಂದರ.

ಹೆಸರು ಹಾಕಲು ಅವಳಿಗಿರುವ ಭಯಕ್ಕೆ ಕಾರಣವೂ ಆ ಕಥೆಗಳಲ್ಲೇ ಇದೆ. ಒಂದು ಕಥೆ ಅವಳು ಕೆಲಸ ಮಾಡುವ ಮನೆಯದ್ದು. ಹಾಸಿಗೆ ಹಿಡಿದ ಮುದುಕಿಯನ್ನು ದಿನವೂ ಮೀಯಿಸುವ ಹೆಂಗಸಿನ ಕಥೆ. ಅದರಲ್ಲಿ ಯಾರನ್ನೂ ಬೈದಿಲ್ಲ. ಆದರೂ ಮನೆಯ ಮಾತು ಹೊರಗೆ ಹೋಯಿತು ಎಂದು ಮನೆಯವರಲ್ಲಿ ಒಬ್ಬರಿಗೆ ಅನಿಸಿದರೆ ಸಾಕು, ಕೆಲಸ ಹೋಗುತ್ತದೆ. ಇಕಾಮಾ, ಅಂದರೆ ಈ ದೇಶದಲ್ಲಿರಲು ಬೇಕಾದ ಪರವಾನಗಿ, ಆ ಮನೆಯವರು ಮಾಡಿಸಿದ್ದು. ಘಾನಾದ ಕೇಪ್ ಕೋಸ್ಟಿನಲ್ಲಿ ಅವಳ ಇಬ್ಬರು ಮಕ್ಕಳು ಓದುತ್ತಿದ್ದಾರೆ.

ಒಂಬತ್ತು ಗಂಟೆಗೆ ಎಫುವಾ ಬರುತ್ತಾಳೆ. ಎತ್ತರದ ಹೆಂಗಸು, ಬಗ್ಗಿ ಶಟರು ದಾಟುವಾಗ ತಲೆಯ ಹಳದಿ ವಸ್ತ್ರ ತಾಗಿ ಓರೆಯಾಗುತ್ತದೆ. ಇಂಗ್ಲಿಷ್, ಅರಬಿ, ಒಂದಿಷ್ಟು ಹಿಂದಿ ಬೆರೆಸಿ ಮಾತಾಡುತ್ತಾಳೆ.

“ಆಯಿತಾ ಪಾಪಾ? ಖಾಲಿ ಬಿಟ್ಟಿದ್ದೀರಿ ತಾನೆ?”

“ಬಿಟ್ಟಿದ್ದೇನೆ ಸಿಸ್ಟರ್.”

“ಬೈಯುವುದಿಲ್ಲವಾ ನನ್ನನ್ನು?”

“ನಿನ್ನ ಅನ್ನದ ವಿಷಯ. ನಾನು ಹೇಗೆ ಬೈಯಲಿ?” ರೋಕ್ ಕೈಯ ಅಂಟು ಒರೆಸಿಕೊಳ್ಳುತ್ತಾರೆ. “ಖಾಲಿ ಬೇಕಾದರೆ ಖಾಲಿ ಕೊಡ್ತೇನೆ. ಬೇರೆ ಹೆಸರು ಮಾತ್ರ ಹಾಕುದಿಲ್ಲ. ಸುಳ್ಳು ಒತ್ತಲಿಕ್ಕೆ ನನ್ನಿಂದಾಗುದಿಲ್ಲ.”

“ಬೇರೆ ಹೆಸರು ಆಗಲೇ ಇದೆ ನನಗೆ. ಆ ಮನೆಯಲ್ಲಿ ನಾನು ಮರಿಯಂ. ಬಂದ ದಿನವೇ ಇಟ್ಟರು, ಅವರ ನಾಲಿಗೆಗೆ ಸುಲಭ ಅಂತ.” ಅವಳು ಹಸಿರು ಪುಸ್ತಕವನ್ನು ತಿರುಗಿಸಿ ನೋಡುತ್ತಾಳೆ. “ಮರಿಯಂ ಬರೆದಳು ಅಂದರೆ ನನ್ನ ಮಕ್ಕಳಿಗೆ ಅದು ಯಾರು ಅಂತಲೇ ಗೊತ್ತಾಗುವುದಿಲ್ಲ.”

ಆಗ್ನೆಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಾರೆ. ಎಫುವಾ ಲೋಟ ಹಿಡಿದುಕೊಂಡೇ ಹಲಗೆಯ ಬಳಿ ಹೋಗುತ್ತಾಳೆ. ಬೆನ್ನುಗಳ ಮೇಲೆ ಬೆರಳಾಡಿಸುತ್ತಾ ಒಂದೊಂದೇ ಹೆಸರು ಓದುತ್ತಾಳೆ. ಓದಿ, ಅವರ ಸಂಗತಿ ಹೇಳುತ್ತಾಳೆ. ಈಕೆ ಅರವತ್ತು ವರ್ಷದವರೆಗೆ ಬೇರೆಯವರ ಬಟ್ಟೆ ಒಗೆದವಳು. ಈತ ಜೈಲಿನಲ್ಲಿ ಸಿಗರೇಟಿನ ಕಾಗದದ ಮೇಲೆ ಬರೆದವನು. ಈಕೆಯ ಮೊದಲ ಪುಸ್ತಕವನ್ನು ಓದಿದವರು, ಇದನ್ನು ಕರಿಯ ಹೆಂಗಸು ಬರೆದಿರಲಾರಳು ಎಂದು ಸಾಕ್ಷಿ ಕೇಳಿದರಂತೆ. ಹದಿನೆಂಟನೆಯ ಪುಸ್ತಕದ ಹತ್ತಿರ ಬೆರಳು ನಿಲ್ಲುತ್ತದೆ.

“ಇವರಿಗೆಲ್ಲ ಭಯ ಇರಲಿಲ್ಲ ಅಂತೀರಾ ಪಾಪಾ?”

“ಇದ್ದಿರಬೇಕು. ಹೊಟ್ಟೆ ಎಲ್ಲರಿಗೂ ಉಂಟಲ್ಲ.”

“ಇವರು ಹೆಸರು ಹಾಕದೆ ಹೋಗಿದ್ದರೆ ನಾನು ಬರೆಯುತ್ತಿರಲಿಲ್ಲ” ಎನ್ನುತ್ತಾಳೆ ಎಫುವಾ. ಲೋಟ ಕೆಳಗಿಡುತ್ತಾಳೆ. “ಹಾಕಿ. ಅರ್ಧ ಬೇಡ, ಅಪ್ಪನ ಮನೆಯ ಹೆಸರೂ ಸೇರಿಸಿ. ಇವತ್ತು ರಾತ್ರಿಯೇ ಮುದುಕಿಗೆ ನಾನೇ ಓದಿ ಹೇಳುತ್ತೇನೆ. ಬೇರೆಯವರ ಬಾಯಿಂದ ಆಕೆಗೆ ಗೊತ್ತಾಗುವುದು ಬೇಡ. ಆಮೇಲೆ ಆದದ್ದಾಗಲಿ.”

ರೋಕ್ ಇನ್ನೊಮ್ಮೆ ಕೇಳುತ್ತಾರೆ, “ಗಟ್ಟಿಯಾ? ಒತ್ತಿದ ಮೇಲೆ ಅಳಿಸಲಿಕ್ಕೆ ಬರುದಿಲ್ಲ.”

“ಯಲ್ಲಾ ಪಾಪಾ, ಬೇಗ, ನನ್ನ ಮನಸ್ಸು ತಿರುಗುವ ಮೊದಲು!”

ಹಿತ್ತಾಳೆಯ ಅಚ್ಚಿನ ಮೊಳೆಗಳು ಒಲೆಯ ಮೇಲೆ ಕಾಯುತ್ತವೆ. ಪುಸ್ತಕ ತೆಳ್ಳಗಿದೆ, ಹೆಸರು ಉದ್ದವಿದೆ. ಒಂದೇ ಸಾಲಿನಲ್ಲಿ ಅಡ್ಡಕ್ಕೆ ಹಿಡಿಯುವುದಿಲ್ಲ. ರೋಕ್ ಅಕ್ಷರ ಕಡಿಮೆ ಮಾಡುವುದಿಲ್ಲ, ಉದ್ದಕ್ಕೆ ತಿರುಗಿಸಿ ಎರಡು ಸಾಲು ಮಾಡುತ್ತಾರೆ. ಬಂಗಾರದ ಹಾಳೆ ಇಟ್ಟು, ಉಸಿರು ಹಿಡಿದು, ಮೂರರವರೆಗೆ ಎಣಿಸಿ ಒತ್ತುತ್ತಾರೆ. ಎರಡನೆಯ ಸಾಲಿಗೂ ಹಾಗೆಯೇ. ಹಾಳೆ ಎತ್ತಿದಾಗ ಎಫುವಾ ನೋಡುವುದಿಲ್ಲ. ಕಣ್ಣು ಮುಚ್ಚಿ ಆಗ್ನೆಸ್ ಅವರ ಕೈ ಹಿಡಿದಿದ್ದಾಳೆ.

“ಕಣ್ಣು ಬಿಡು ಮಾರಾಯ್ತಿ, ವಂಕಿ ಆಗಲಿಲ್ಲ, ನೆಟ್ಟಗೇ ಉಂಟು” ಎನ್ನುತ್ತಾರೆ ಆಗ್ನೆಸ್.

ಮೂರು ಗಂಟೆಗೆ ಫಿಂಟಾಸಿನ ಫ್ಲಾಟಿನಲ್ಲಿ ಎಲ್ಲರೂ ನೆಲದ ಮೇಲೆ ಕುಳಿತಿದ್ದಾರೆ. ವರ್ಷಕ್ಕೊಮ್ಮೆ ಇವರು ಲೇಖಕರ ದಿನ ಆಚರಿಸುತ್ತಾರೆ. ಒಬ್ಬೊಬ್ಬರೂ ಎದ್ದು ನಿಂತು ಒಂದು ಪುಸ್ತಕ ಎತ್ತಿ ಹಿಡಿದು, ಮೊದಲು ಬರೆದವರ ಹೆಸರು ಹೇಳಿ, ಆಮೇಲೆ ಒಂದು ಪುಟ ಓದುತ್ತಾರೆ. ಹೆಸರು ಹೇಳಿದಾಗ ಉಳಿದವರು ಅದನ್ನು ಒಟ್ಟಿಗೆ ತಿರುಗಿ ಹೇಳುತ್ತಾರೆ. ಎಫುವಾಳ ಸರದಿ ಬಂದಾಗ ಹದಿನಾಲ್ಕು ಹೆಂಗಸರು ಅವಳ ಹೆಸರನ್ನು ಗೋಡೆ ನಡುಗುವಂತೆ ಕೂಗುತ್ತಾರೆ. ಕೆಳಗಿನ ಮನೆಯವರು ಏನಾಯಿತೆಂದು ಬಂದು ಬಾಗಿಲು ಬಡಿಯುತ್ತಾರೆ. ಈ ಬರಹದಲ್ಲಿಯೂ ಆ ಹೆಸರನ್ನು ಬರೆದದ್ದು ಅವಳು ಹೂಂ ಅಂದ ಮೇಲೆಯೇ.

ರೋಕ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಬನ್ನಿ ಎಂದರೆ ಬರುವುದಿಲ್ಲ. ನಿಮಗೇನು ಆಸೆ ಎಂದು ಕೇಳುತ್ತೇನೆ. ಬೆರಳಿಗಂಟಿದ ಬಂಗಾರದ ಚೂರನ್ನು ತಿಕ್ಕುತ್ತಾರೆ.

“ಅವಳ ಕೆಲಸ ಉಳಿಯಲಿ, ಅಷ್ಟೇ. ಮತ್ತೆ ಎರಡನೆಯದು ದಪ್ಪದ್ದು ಬರಿ ಅಂತ ಹೇಳಿದ್ದೇನೆ. ಬೆನ್ನು ಅಗಲ ಬಂದರೆ ಹೆಸರು ಇನ್ನೂ ದೊಡ್ಡದು ಹಾಕಬಹುದು.”