ಎಂಟನೇ ಕಾಲಂ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಯಾರೋ ಕಿವಿಯಲ್ಲಿ ಹೇಳಿದಂತಾಯಿತು ಎಂದು ಯಾರಾದರೂ ಅಂದರೆ, ಮೊದಲು ಹೋಗಿ ಕಿವಿ ತೋರಿಸಿಕೊಳ್ಳಿ ಎನ್ನುತ್ತಿದ್ದವಳು ನಾನು. ಗೋವಿಂದರಾಜನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಾಡಿಗೆ ಕರಾರು, ಅಫಿಡವಿಟ್, ಅರ್ಜಿ, ಇವೇ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯುತ್ತದೆ, ನಡುವೆ ತಲೆಗೆ ಹೆಚ್ಚು ಕೆಲಸವಿಲ್ಲ. ಮುಂದಿನದನ್ನು ಓದಿ ನೀವು ನಗಬಹುದು. ನಾನಾಗಿದ್ದರೂ ನಗುತ್ತಿದ್ದೆ.

ನಂಜುಂಡಪ್ಪನವರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅನ್ನಪೂರ್ಣೇಶ್ವರಿ ನಗರದಿಂದ ಹೆಂಡತಿ ಜಯಮ್ಮನವರ ಜೊತೆ ನನ್ನ ಅಂಗಡಿಗೆ ಬರುತ್ತಾರೆ. ಸರ್ವಿಸಿನಲ್ಲಿದ್ದಾಗ ಉತ್ತರದ ಕಡೆ ಒಂದು ಉಗ್ರಾಣದಲ್ಲಿ, ಸೋರುತ್ತಿದ್ದ ಡ್ರಮ್ಮುಗಳನ್ನು ಎಂಟು ಜನ ಸೇರಿ ಮೂರು ದಿನ ಹೊತ್ತು ಸಾಗಿಸಿದರಂತೆ. ಮುಖಕ್ಕೆ ಕಟ್ಟಿಕೊಂಡದ್ದು ಒದ್ದೆ ಕರ್ಚೀಫು. ಒಳಗೇನಿದೆ ಎಂದು ಯಾರೂ ಹೇಳಲಿಲ್ಲ. ಆ ವಾರವೇ ಅಂಗೈ ಚರ್ಮ ಸುಲಿದು ಬಂತು, ವರ್ಷಗಳು ಕಳೆದ ಮೇಲೆ ಶ್ವಾಸಕೋಶ ಕೆಟ್ಟಿತು. ಬೀಡಿ ಮುಟ್ಟಿದ ಮನುಷ್ಯನಲ್ಲ. ಆದರೂ ಪ್ರತಿ ಡಾಕ್ಟರೂ ಶುರುಮಾಡುವುದು "ಎಷ್ಟು ವರ್ಷ ಸೇದ್ತಿದ್ರಿ?" ಎಂದೇ. ಈ ಕಾಯಿಲೆ ಸರ್ವಿಸಿನಲ್ಲೇ ಬಂದದ್ದು ಎಂದು ಒಂದು ಕಾಗದ ಬೇಕು, ಅವರು ಕೇಳುವುದು ಅಷ್ಟೇ.

ಅರ್ಜಿಯ ಎಂಟನೇ ಕಾಲಂನಲ್ಲಿ ರಾಸಾಯನಿಕದ ಹೆಸರನ್ನೋ ಡ್ರಮ್ಮಿನ ಮೇಲಿದ್ದ ಗುರುತನ್ನೋ ಬರೆಯಬೇಕು. ಅವರಿಗೆ ಹಳದಿ ಪಟ್ಟಿ ನೆನಪಿತ್ತು, ವಾಸನೆ ನೆನಪಿತ್ತು, ಅಕ್ಷರ ಮಾತ್ರ ನೆನಪಿರಲಿಲ್ಲ. ಹೊರುವಾಗ ಉಸಿರು ಕಟ್ಟಿ ಮುಖ ಆಚೆ ತಿರುಗಿಸಿಕೊಂಡಿದ್ದರಂತೆ. "ಗುರುತು ನೆನಪಿಲ್ಲ" ಎಂದು ನಾಲ್ಕು ಸಲ ಟೈಪ್ ಮಾಡಿಕೊಟ್ಟೆ. ನಾಲ್ಕು ಸಲವೂ ಸೈನ್ಯದ ಪಿಂಚಣಿ ಕಚೇರಿಯಿಂದ "ವಿವರ ಅಪೂರ್ಣ" ಎಂದು ವಾಪಸು ಬಂತು. ಹಳೇ ದಾಖಲೆ ನೋಡಿ ಸ್ವಾಮಿ ಎಂದರೆ, ಗುರುತು ಕೊಡಿ, ಹುಡುಕುತ್ತೇವೆ ಎಂಬ ಉತ್ತರ. ಏನೋ ಒಂದು ಬರೆದುಬಿಡೋಣ ಸಾರ್ ಎಂದು ಒಮ್ಮೆ ಅಂದೆ. ಅವರು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ.

ಐದನೇ ಸಲ ಬಂದದ್ದು ಮೂರು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೊಡೆಯುವುದು. ಏಳನೇ ಕಾಲಂ ಮುಗಿಯುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ನಾನು ತಲೆ ಎತ್ತಲಿಲ್ಲ, ನನ್ನ ಪಾಡಿಗೆ ಹೊಡೆಯುತ್ತಲೇ ಇದ್ದೆ. ಪ್ರಿಂಟ್ ತೆಗೆದು ಓದಲು ಕೊಟ್ಟೆ.

"ಇದನ್ನ ಯಾರು ಹೇಳಿದ್ರಮ್ಮಾ ನಿಮಗೆ?"

ಎಂಟನೇ ಕಾಲಂನಲ್ಲಿ ಮೂರು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ ಇದ್ದವು.

"ನೀವೇ ಹೇಳಿದ್ರಲ್ಲ ಸಾರ್, ಈಗ ತಾನೇ." ಅವರದೇ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಎಲ್ಲಿ ಹೇಳಿದ್ರು ಮೇಡಂ?" ಎಂದರು ಜಯಮ್ಮ. "ಕೆಮ್ತಾ ಇದ್ರಲ್ಲ, ನಾನೇ ನೀರು ಕುಡಿಸ್ತಾ ಇದ್ದೆ."

ನಂಜುಂಡಪ್ಪನವರು ಹಾಳೆ ಹಿಡಿದು ಕೂತೇಬಿಟ್ಟರು. "ಇದೇ ಕಣಮ್ಮಾ. ಬಿಳೀ ಪೇಂಟಲ್ಲಿ ಬರೆದಿತ್ತು. ಇದೇ." ಕಣ್ಣಲ್ಲಿ ನೀರು.

ನನಗೆ ಅನುಮಾನ. ಬೇರೆ ಯಾರದೋ ಕಾಗದದಿಂದ ನನ್ನ ತಲೆಗೆ ಹೊಕ್ಕಿರಬಹುದು ಎಂದು ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ಅಂದು ಜೊತೆಗೆ ಡ್ರಮ್ ಹೊತ್ತವರೊಬ್ಬರು ಅರಸೀಕೆರೆಯ ಕಡೆ ಇದ್ದರು. ನಂಜುಂಡಪ್ಪನವರಿಂದಲೇ ಫೋನ್ ಮಾಡಿಸಿ, ಏನೂ ಸುಳಿವು ಕೊಡದೆ ಕೇಳಿಸಿದೆ. "ಪೂರ್ತಿ ಎಲ್ಲಿ ನೆನಪಿರತ್ತೆ ಮಾರಾಯಾ? ಕೊನೇಲಿ ಜೋಡಿ ಏಳು ಇತ್ತು, ಅಷ್ಟೇ" ಎಂದರು. ಎರಡು ಅಂಕಿಯಿಂದ ಏನಾದೀತು ಎಂದು ಅದನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಹಾಳೆಯಲ್ಲೂ ಕೊನೆಗೆ ಎರಡು ಏಳು. ಹೊರಗೆ ಬಿಸಿಲು, ರಸ್ತೆ ತುಂಬ ಆಟೋಗಳು.

ಅರ್ಜಿ ಹೋಯಿತು. ಇನ್ನೇನು ಆಯಿತು ಎಂದುಕೊಂಡೆವು. ಎರಡು ತಿಂಗಳಿಗೆ ಉತ್ತರ ಬಂತು. ಹಿಂದಿನ ನಾಲ್ಕು ಅರ್ಜಿಗಳಲ್ಲಿ ನೆನಪಿಲ್ಲ ಎಂದಿದ್ದೀರಿ, ಈಗಿನ ಮಾಹಿತಿಯ ಮೂಲ ತಿಳಿಸಿ! ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲದಾಗ ಯಾಕಿಲ್ಲ, ಇದ್ದಾಗ ಎಲ್ಲಿಂದ ಬಂತು. ಅರಸೀಕೆರೆಯವರ ಹೇಳಿಕೆ ಕಳಿಸಿದೆವು. ಅರ್ಧ ಗುರುತು ಸಾಲದು, ಮೂಲ ತಿಳಿಸಿ ಎಂದು ಮತ್ತೆ ಪತ್ರ ಬಂತು.

"ಈಗ ನೆನಪಾಯ್ತು ಅಂತ ಹಾಕ್ಲಾ ಸಾರ್?"

"ನೀವು ಬರೆದ ಮೇಲಲ್ವೇನಮ್ಮಾ ನೆನಪಾಗಿದ್ದು. ಸುಳ್ಳಾಗತ್ತೆ."

ಅವರ ಮೇಲೂ ಸಿಟ್ಟು ಬಂತು. ಇಷ್ಟು ನೇರ ಇದ್ದು ಏನು ಸಿಕ್ಕಿತು ಇವರಿಗೆ? ಆದರೆ ನಿಜ ಬರೆಯುವುದಾದರೂ ಹೇಗೆ? ಮೂಲ, ಅರ್ಜಿದಾರರ ಕೆಮ್ಮು ಎಂದೇ? ಅವರು ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಕೇಳಿಸಿತ್ತು. ಇದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಪತ್ರ ನನ್ನ ಡ್ರಾಯರಿನಲ್ಲಿದೆ, ಉತ್ತರ ಬರೆದಿಲ್ಲ. ನಂಜುಂಡಪ್ಪನವರು ಈಗಲೂ ಬರುತ್ತಾರೆ. ಅಂಗಡಿಯ ಎರಡು ಮೆಟ್ಟಿಲು ಹತ್ತಲು ನಡುವೆ ನಿಲ್ಲಬೇಕು. ಕೆಮ್ಮು ಶುರುವಾದರೆ ಜಯಮ್ಮ ನೀರಿನ ಬಾಟಲಿಗೆ ಕೈ ಹಾಕುತ್ತಾರೆ. ನಾನು, ಹೇಳಲು ನಾಚಿಕೆಯಾಗುತ್ತದೆ, ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತೇನೆ. ಕೇಳಿಸುವುದು ಬರೀ ಕೆಮ್ಮು.