ಕಾರ್ನೇಶನ್ ಇಲ್ಲದ ಕಾರ್ನೇಶನ್ ಸೆಂಟು

ಗಾಜಿನ ಮೇಲೆ ಗಾಜು ತಿರುಗುವ ಸಣ್ಣ ಕರ್ರ್ ಸದ್ದು. ಚಿಕ್ಕಮ್ಮ ಸೆಂಟಿನ ಸೀಸೆಯ ಬಿರಡೆ ತೆಗೆಯುತ್ತಿದ್ದಾರೆ ಎಂದರೆ ಸೋಮವಾರಪೇಟೆ ಕಡೆ ಯಾರದೋ ಮದುವೆ ಇದೆ ಎಂದು ಅರ್ಥ. ಆ ಸದ್ದು ನನಗೆ ಇವತ್ತಿಗೂ ಸ್ಪಷ್ಟ. ಕಿವಿಯದೇನೂ ತಕರಾರಿಲ್ಲ. ಭಯವಿರುವುದು ಮೂಗಿನ ಬಗ್ಗೆ.

ಚಿಕ್ಕಮ್ಮ ಹೋದ ಮೇಲೆ ಆ ಸೀಸೆ ನನ್ನ ಪಾಲಿಗೆ ಬಂತು. ತಳದಲ್ಲಿ ಕಷಾಯದ ಬಣ್ಣದ್ದು ಒಂದಿಷ್ಟು ಉಳಿದಿದೆ. ಮೊನ್ನೆ ತೆರೆದು ಮೂಸಿದರೆ, ನಥಿಂಗ್. ಹಳೇ ಪೆಟ್ಟಿಗೆಯ ವಾಸನೆ, ಅಷ್ಟೇ. ವಯಸ್ಸಾದವರಿಗೆ ಮರೆವು ಮೊದಲು ಮೂಗಿನಿಂದ ಶುರುವಾಗುತ್ತದಂತೆ ಎಂದು ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಹೇಳಿದ್ದು ಅದೇ ಹೊತ್ತಿಗೆ ನೆನಪಾಗಬೇಕೆ? ಅಂದಿನಿಂದ ಸೋಪು, ಸಾರು, ಕಾಫಿಪುಡಿ ಎಲ್ಲವನ್ನೂ ಮೂಸುತ್ತಾ ತಿರುಗುತ್ತಿದ್ದೇನೆ. ಲೇಡಿ ಆದವಳು ಯಾವುದನ್ನೂ ಮೂಸಬಾರದೆಂದು ಕಲಿಸಿದ್ದ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಮೊಣಕಾಲೂರಿಸುತ್ತಿದ್ದರು.

ಅದು ಕಾರ್ನೇಶನ್ ಸೆಂಟು. ತಮಾಷೆಯೆಂದರೆ, ಹಳೇ ಕಾಲದ ಆ ಸೆಂಟುಗಳಲ್ಲಿ ಕಾರ್ನೇಶನ್ ಹೂವೇ ಇರುತ್ತಿದ್ದುದು ಅಪರೂಪ. ಅದರಿಂದ ಸಾರ ತೆಗೆಯುವುದು ದುಬಾರಿ. ಹಾಗಾಗಿ ಗುಲಾಬಿಗೆ ಲವಂಗ ಸೇರಿಸಿ, ಚೂರು ಕರಿಮೆಣಸು, ತುಸು ವೆನಿಲ್ಲಾ ಬೆರೆಸಿ ಇಲ್ಲದ ಹೂವನ್ನು ಅರಳಿಸುತ್ತಿದ್ದರು. ಇಂಥ ಬೆರಕೆಗೆ ಅಕಾರ್ಡ್ ಅನ್ನುತ್ತಾರೆ. ಪಿಯಾನೋದಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಒಂದೇ ನಾದ ಹೊಮ್ಮುವುದಿಲ್ಲವೇ, ಹಾಗೆ. ನಮ್ಮ ತೋಟದ ಮೆಣಸೇ ಹಡಗು ಹತ್ತಿ ಹೋಗಿ, ಫ್ರಾಕು ತೊಟ್ಟು ವಾಪಸ್ ಬಂದಿದೆ ಎಂದು ಚಿಕ್ಕಮ್ಮ ನಗುತ್ತಿದ್ದರು.

ನನ್ನ ಪರೀಕ್ಷೆಗಳನ್ನು ನಾದಿನಿ ಪಾರ್ವತಿ ಎರಡು ದಿನ ಸಹಿಸಿದಳು.

"ಅತ್ತಿಗೆ, ಪಕ್ಕದ ಮನೆಯಲ್ಲಿ ಒಣಮೀನು ಹುರಿದರೆ ಇಲ್ಲಿಂದಲೇ ಕಿಟಕಿ ಹಾಕ್ತೀರಿ. ನಿಮ್ಮ ಮೂಗಿಗೆ ಎಂಥದೂ ಆಗ್ಲಿಲ್ಲ."

"ಮತ್ತೆ ಇದು ಯಾಕೆ ಬರೋದಿಲ್ಲ?"

"ಮಳೆಗಾಲದಲ್ಲಿ ಬೂಸ್ಟು ಹಿಡೀತದೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಟ್ಟದ್ದು ಯಾರು? ಏಲಕ್ಕಿ ಒಟ್ಟಿಗೆ ಸೆಂಟನ್ನೂ ಒಣಗಿಸಿದ್ದೀರಿ."

ನಿಜ. ನಮ್ಮಲ್ಲಿ ಕಾಪಾಡಬೇಕಾದ್ದೆಲ್ಲ ಒಲೆಯ ಮೇಲಕ್ಕೇ ಹೋಗುವುದು: ಬೀಜ, ಉಪ್ಪು, ಮದುವೆಯ ಫೋಟೋ ಕೂಡ. ಸೆಂಟಿಗೆ ಬಿಸಿ ಆಗದು ಎಂದು ಯಾರಿಗೆ ಹೊಳೆದೀತು? ಪಾರ್ವತಿಯ ಮಾತಿಗೆ ಅರ್ಧ ಸಮಾಧಾನವಾಯಿತು. ಕೆಟ್ಟದ್ದು ಸೀಸೆಯೋ ಮೂಗೋ ಎಂಬ ಉಳಿದರ್ಧ ಮಾತ್ರ ಹಾಗೇ ಕೂತಿತ್ತು. ಕೊನೆಗೆ ಅಂಗಳದ ಗುಲಾಬಿಯೊಂದನ್ನು ಕಿತ್ತು, ಲವಂಗ ಜಜ್ಜಿ, ಎರಡನ್ನೂ ಅಂಗೈಯಲ್ಲಿಟ್ಟು ಮೂಸಿದೆ. ಗುಲಾಬಿ ಗೊತ್ತಾಯಿತು. ಲವಂಗವೂ ಗೊತ್ತಾಯಿತು. ಎರಡೂ ಸೇರಿ ಚಿಕ್ಕಮ್ಮ ಮಾತ್ರ ಬರಲಿಲ್ಲ.

ವಾಸನೆ ಹೋದರೆ ಅವರ ಮುಖವೂ ಹೋದೀತೇ? ಹೆದರಿಕೆಯೆಲ್ಲ ಅದೊಂದರದೇ. ಕಣ್ಣು ಮುಚ್ಚಿ ಹುಡುಕಿದರೆ, ಸಿಕ್ಕಿದ್ದು ಅವರನ್ನು ಕೊನೆಯ ಸಲ ಕಂಡ ದಿನ. ಸುಂಟಿಕೊಪ್ಪದಲ್ಲಿ ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ವಿಪರೀತ ಶೀತ, ಮೂಗು ಪೂರ್ತಿ ಕಟ್ಟಿತ್ತು. ಚಿಕ್ಕಮ್ಮ ಸೆಂಟು ಹಾಕಿಕೊಂಡೇ ಬಂದಿರಬೇಕು, ನನಗೆ ಎಳ್ಳಷ್ಟೂ ತಿಳಿಯಲಿಲ್ಲ. ಕಿಟಕಿಯೊಳಗೆ ಕೈ ತೂರಿಸಿ ನನ್ನ ಸ್ಕಾರ್ಫನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿದರು. ಬೆರಳು ತಣ್ಣಗಿತ್ತು. "ಗಾಳಿಗೆ ತಲೆ ಕೊಡಬೇಡ ಮಾರಾಯ್ತಿ," ಎಂದರು. ಬಸ್ಸು ಹೊರಟ ಮೇಲೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ಏನೋ ಹೇಳುತ್ತಾ, ನಾಲ್ಕು ಹೆಜ್ಜೆ ಜೊತೆಗೇ ನಡೆದು ಬಂದರು.