ಜಾಮೀನು ನಿಂತ ಮಂಚಮ್ಮ

ಗಡಿಯಾಚೆ ತಮಿಳು ಸೀಮೆಗೆ ಸೇರಿದ ಕನ್ನಡದ ಊರು ತಿಗನಾರೆಯ ಮಂಚಮ್ಮನಿಗೂ ಪಕ್ಕದ ಹೊಲದ ರಾಚಪ್ಪನಿಗೂ ಬದುವಿನ ಜಗಳವಾಗಿ ಮಾತು ನಿಂತು ಬಹಳ ಕಾಲವಾಗಿತ್ತು. ಎರಡು ಸಾವಿರದ ಮೂರರಲ್ಲಿ ಅವನ ಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕಿತೆಂದು ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ನೆಟ್ಟವನು ತಾನಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಮೂರು ವರ್ಷ ಕಳೆದರೂ ಒಬ್ಬ ಸಾಕ್ಷಿಯೂ ಕಟಕಟೆ ಹತ್ತಲಿಲ್ಲ. ವಿಚಾರಣೆ ಇಷ್ಟು ತಡವಾದ ಮೇಲೂ ಮನುಷ್ಯನನ್ನು ಒಳಗೇ ಇಡುವುದು ನ್ಯಾಯವಲ್ಲವೆಂದು ಕೊನೆಗೆ ಮೇಲಿನ ಕೋರ್ಟು ಜಾಮೀನು ಕೊಟ್ಟಿತು. ಆದರೆ ಜಮೀನಿರುವ ಇಬ್ಬರು ಹೊಣೆ ನಿಲ್ಲಬೇಕಿತ್ತು. ಅವನ ಭಾವಮೈದ ಒಪ್ಪಿದ. ಗಾಂಜಾ ಕೇಸೆಂದು ಉಳಿದ ನೆಂಟರೆಲ್ಲ ಹಿಂದೆ ಸರಿದರು.

ಸುದ್ದಿ ಕೇಳಿದ ಮಂಚಮ್ಮ ಯಾರೂ ಕರೆಯದಿದ್ದರೂ ತನ್ನ ಹೊಲದ ಪಟ್ಟಾ ಹಿಡಿದು, ದಿಂಬಂ ಘಾಟಿ ಇಳಿದು ಕೋರ್ಟಿಗೆ ಹೋದಳು.

"ಅವನು ಓಡಿಹೋದರೆ ನಿನ್ನ ಹೊಲಕ್ಕೇ ಕುತ್ತು, ಗೊತ್ತೇನಮ್ಮ?" ಎಂದು ನ್ಯಾಯಾಧೀಶರು ತಮಿಳಿನಲ್ಲಿ ಕೇಳಿದರು.

ತಮಿಳಿನಲ್ಲೇ ಶುರುಮಾಡಿದ ಮಂಚಮ್ಮ ಆವೇಶದಲ್ಲಿ ಕನ್ನಡಕ್ಕೆ ಜಾರಿದಳು. "ಒಂದು ಗೇಣು ಬದ ಬುಟ್ಕೊಡ್ದೆ ನನ್ ಜೊತೆ ಕಿತ್ತಾಡ್ದೋನು ಸ್ವಾಮಿ ಅವ್ನು. ಒಲ ಬುಟ್ಟು ಎಲ್ಲಿಗೋದಾನು?"

ಗುಮಾಸ್ತ ಅದನ್ನು ತಮಿಳಿಗೆ ತಿರುಗಿಸಿದಾಗ ನ್ಯಾಯಾಧೀಶರೂ ನಕ್ಕು ರುಜು ಹಾಕಿದರು.

ಜೈಲಿನ ಬಾಗಿಲಲ್ಲಿ ಅವಳನ್ನು ಕಂಡ ರಾಚಪ್ಪ, "ಅಕ್ಕಾ, ನೀನಾ?" ಎಂದು ಅಳತೊಡಗಿದ.

"ಅತ್ತಿದ್ದು ಸಾಕು ಕಣ್ಲಾ, ಬಸ್ಸು ಒಂಟೋಯ್ತದೆ, ಬಾ" ಎಂದು ಅವನ ಚೀಲವನ್ನು ಅವಳೇ ಎತ್ತಿಕೊಂಡಳು.

ಮುಂದೆ ಕೇಸು ಮುಗಿದು ಅವನು ನಿರ್ದೋಷಿಯೆಂದು ಬಿಡುಗಡೆಯಾಗುವವರೆಗೆ, ಕೋರ್ಟಿನ ಪ್ರತಿ ವಾಯಿದೆಯ ಬೆಳಗ್ಗೆ ಅವನ ಬಾಗಿಲು ಬಡಿದು, ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತಿದ್ದವಳು ಮಂಚಮ್ಮನೇ.